ನದಿಯ ಏರಿ ಸೋರುತ್ತಿದೆಯೇ? ಮೊದಲು ನೀರಿನ ಬಣ್ಣ ನೋಡಿ

ಏರಿ ಕಾಯುವವರಿಂದ ನಡುರಾತ್ರಿ ಫೋನು ಬಂದರೆ ನಾನು ಮೊದಲು ಕೇಳುವುದು ಹೊಳೆ ಎಷ್ಟು ಏರಿದೆ ಎಂದಲ್ಲ. ಊರ ಬದಿಯ ಬುಡದಲ್ಲಿ ನೀರು ಕಾಣುತ್ತಿದೆಯೇ, ಕಂಡಿದ್ದರೆ ಅದು ತಿಳಿಯಾಗಿದೆಯೇ ಕದಡಿದೆಯೇ ಎಂದು. ಬಹಳ ಸಲ ಆ ಕಡೆಯಿಂದ ಉತ್ತರವೇ ಇರುವುದಿಲ್ಲ. ಎಲ್ಲರೂ ಏರಿಯ ನೆತ್ತಿಯ ಮೇಲೆ ಸಾಲಾಗಿ ನಿಂತು ಹೊಳೆಯನ್ನೇ ನೋಡುತ್ತಿರುತ್ತಾರೆ. ಹೊಳೆ ನೋಡಲು ಒಬ್ಬರಿದ್ದರೆ ಸಾಕು. ಉಳಿದವರು ಅದಕ್ಕೆ ಬೆನ್ನು ಹಾಕಿ ಕೆಳಗಿಳಿದು, ಬ್ಯಾಟರಿ ಹಿಡಿದು ಬುಡದುದ್ದಕ್ಕೂ ನಡೆಯಬೇಕು.

ನೀರು ನೆತ್ತಿ ದಾಟಿ ಹರಿದು ಒಡೆಯುವ ಏರಿಗಳಿವೆ, ನಿಜ. ನೀರು ಇನ್ನೂ ಎಷ್ಟೋ ಕೆಳಗಿರುವಾಗಲೇ ಒಡೆದುಹೋದವೂ ಕಡಿಮೆಯಿಲ್ಲ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಕೋಸಿ ನದಿಯ ಪೂರ್ವ ಏರಿ ಒಡೆಯಿತು. ನದಿ ತನ್ನ ಹಾದಿಯನ್ನೇ ನೂರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವಕ್ಕೆ ಸರಿಸಿಕೊಂಡು ಉತ್ತರ ಬಿಹಾರದ ಊರುಗಳ ಮೇಲೆ ಹರಿಯಿತು. ಆ ದಿನ ನದಿಯಲ್ಲಿದ್ದದ್ದು ಸುಮಾರು 1.44 ಲಕ್ಷ ಕ್ಯೂಸೆಕ್. ಅಲ್ಲಿನ ಬ್ಯಾರೇಜನ್ನು ರೂಪಿಸಿದ್ದು 9.5 ಲಕ್ಷ ಕ್ಯೂಸೆಕ್‌ಗೆ. ಅದರ ಆರನೇ ಒಂದು ಪಾಲೂ ಆಗದ ನೀರಿಗೆ ಏರಿ ಸೋತಿತೆಂದರೆ ರೋಗ ಎತ್ತರದಲ್ಲಿರಲಿಲ್ಲ, ಬುಡದಲ್ಲಿತ್ತು. ಹೀಗಿದ್ದರೂ ಪ್ರತಿ ಪ್ರವಾಹದ ಮರುವರ್ಷ ನಾವು ಮಾಡುವ ಮೊದಲ ಕೆಲಸ ಏರಿಯ ಮೇಲೆ ಇನ್ನೊಂದು ಮೀಟರ್ ಮಣ್ಣು ಸುರಿಯುವುದು.

ಕೆರೆ ಏರಿ ನೋಡಿ ಬೆಳೆದವರಿಗೆ ಮುಂದೆ ಬರುವುದರಲ್ಲಿ ಅರ್ಧ ಗೊತ್ತಿರುವ ಸಂಗತಿಯೇ. ಎರಡು ವ್ಯತ್ಯಾಸಗಳನ್ನು ಮಾತ್ರ ನೆನಪಿಡಬೇಕು. ಕೆರೆಗೆ ಕೋಡಿ ಇರುತ್ತದೆ, ಹೆಚ್ಚಾದ ನೀರು ಅದರ ಮೂಲಕ ಹೋಗುತ್ತದೆ. ಹೊಳೆಯ ಏರಿಗೆ ಕೋಡಿ ಇಲ್ಲ. ಕೆರೆ ಏರಿ ತಿಂಗಳುಗಟ್ಟಲೆ ನೀರಿಗೆ ಮೈಯೊಡ್ಡಿ ನಿಂತಿರುತ್ತದೆ, ಎಲ್ಲಿ ಒಸರುತ್ತದೆ ಎಂಬುದು ನೀರುಗಂಟಿಗೆ ಬಾಯಿಪಾಠ. ಹೊಳೆಯ ಏರಿ ಹತ್ತು ಹನ್ನೊಂದು ತಿಂಗಳು ಒಣಗಿ ನಿಂತು, ಒಂದು ರಾತ್ರಿ ಇದ್ದಕ್ಕಿದ್ದಂತೆ ಪರೀಕ್ಷೆಗೆ ಕೂರುತ್ತದೆ. ಆ ಹತ್ತು ತಿಂಗಳಲ್ಲಿ ಬಿರುಕು ಬಿಟ್ಟಿದ್ದು, ಹೆಗ್ಗಣ ಕೊರೆದದ್ದು, ಗಾಡಿ ದಾರಿ ಬಿದ್ದದ್ದು ಎಲ್ಲವೂ ಆ ರಾತ್ರಿಯೇ ಲೆಕ್ಕಕ್ಕೆ ಬರುತ್ತದೆ.

ಬುಡದಲ್ಲಿ ಬುಗ್ಗೆ

ಇದನ್ನು ಮೊದಲಿಗೆ, ಎಲ್ಲಕ್ಕಿಂತ ವಿವರವಾಗಿ ಹೇಳುತ್ತೇನೆ. ಇಲ್ಲಿ ಮಾಡುವ ತಪ್ಪು ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪು.

ಬಯಲುಸೀಮೆಯ ಒಂದು ಹಳ್ಳದ ಒಡ್ಡಿನ ಬಳಿ ಹೀಗಾಯಿತು. ಹಳ್ಳ ತುಂಬಿ ಎರಡನೇ ದಿನ. ಬುಡದಿಂದ ಎಂಟು ಹೆಜ್ಜೆ ಆಚೆ, ಜೋಳದ ಹೊಲದ ಬದುವಿನಲ್ಲಿ, ಊಟದ ತಟ್ಟೆಯಷ್ಟು ಅಗಲದ ಜಾಗದಲ್ಲಿ ನೀರು ಸಣ್ಣಗೆ ಉಕ್ಕುತ್ತಿತ್ತು. ಸುತ್ತ ಇರುವೆ ಗೂಡಿನಂತೆ ಮರಳಿನ ದಿಬ್ಬ. ಹಿರಿಯ ನೀರುಗಂಟಿಯೊಬ್ಬರು ಚಹಾ ಅಂಗಡಿಯಿಂದ ಗಾಜಿನ ಲೋಟ ತರಿಸಿ, ಬುಗ್ಗೆಯ ಬಾಯಿಯಿಂದಲೇ ನೀರು ತುಂಬಿ, ಒಡ್ಡಿನ ಕಲ್ಲಿನ ಮೇಲಿಟ್ಟರು. ಒಂದು ಬೀಡಿ ಮುಗಿಯುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಲೋಟದ ತಳದಲ್ಲಿ ರವೆಯಂಥ ಮರಳು ಒಂದು ಬೆರಳಿನ ಗೆರೆಯಷ್ಟು ಕೂತಿತ್ತು. "ಸಾಹೇಬರೇ, ನಿನ್ನೆ ಇಷ್ಟು ಇರಲಿಲ್ಲ. ನಿನ್ನೆ ಬರೀ ನೀರು ಬರುತ್ತಿತ್ತು, ಇವತ್ತು ಒಡ್ಡೇ ಬರುತ್ತಿದೆ" ಎಂದರು.

ರೋಗನಿದಾನ ಅಷ್ಟೇ. ಮೇಲ್ಪದರದ ಜೇಡಿಮಣ್ಣಿನ ಕೆಳಗೆ ಮರಳಿನ ಪದರವಿದ್ದರೆ ಹೊಳೆಯ ನೀರು ಅದರೊಳಗೆ ನುಗ್ಗಿ, ಏರಿಯ ಅಡಿಯಲ್ಲಿ ಹಾಯ್ದು, ಊರ ಬದಿಯಲ್ಲಿ ಜೇಡಿ ತೆಳುವಾಗಿರುವ ಕಡೆ ಮೇಲೆ ಒದೆಯುತ್ತದೆ. ತಿಳಿ ನೀರು ಬರುತ್ತಿದ್ದರೆ ಗುರುತು ಹಾಕಿ, ಒಬ್ಬರನ್ನು ಕೂರಿಸಿ, ಗಂಟೆಗೊಮ್ಮೆ ಲೋಟ ತುಂಬಿ ನೋಡಿ. ಸದ್ಯಕ್ಕೆ ಅಷ್ಟು ಸಾಕು. ನೀರಿನ ಜೊತೆ ಮರಳು ಬರಲು ತೊಡಗಿತೆಂದರೆ ಬುಗ್ಗೆಯ ಬಾಯಿಯಿಂದ ಹೊಳೆಯತ್ತ ನೆಲದೊಳಗೆ ಒಂದು ಕೊಳವೆ ಹಿಂದಕ್ಕೆ ಹಿಂದಕ್ಕೆ ಕೊರೆದುಕೊಂಡು ಹೋಗುತ್ತಿದೆ ಎಂದರ್ಥ. ಅದು ಹೊಳೆಯನ್ನು ಮುಟ್ಟಿದ ಕ್ಷಣ ಏರಿ ಕೂರುತ್ತದೆ.

ಆವತ್ತು ನಾವು ಮಾತಾಡುತ್ತಿರುವಾಗಲೇ ಊರಿನ ಹುಡುಗರು ಬುಗ್ಗೆಯ ಬಾಯಿಗೇ ಹತ್ತಾರು ಚೀಲ ಹೇರಿ, ತುಳಿದು, ನೀರು ನಿಂತಿತೆಂದು ಚಪ್ಪಾಳೆ ತಟ್ಟಿದರು. ಕಾಲು ಗಂಟೆಯೊಳಗೆ ಐದು ಹೆಜ್ಜೆ ಹಿಂದೆ, ಅಂದರೆ ಒಡ್ಡಿಗೆ ಇನ್ನೂ ಹತ್ತಿರ, ಎರಡು ಹೊಸ ಬುಗ್ಗೆಗಳು ಎದ್ದವು. ನೀರಿಗೆ ಬಾಯಿ ಮುಚ್ಚಿದರೆ ಒತ್ತಡ ಎಲ್ಲಿಗೂ ಹೋಗುವುದಿಲ್ಲ, ಬೇರೆ ಬಾಯಿ ಹುಡುಕುತ್ತದೆ. ತಡೆಯಬೇಕಾದದ್ದು ಮಣ್ಣನ್ನು, ನೀರನ್ನು ಹೋಗಲು ಬಿಡಬೇಕು. ಈ ಬರಹದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ.

ಮಾಡುವ ಕ್ರಮ ಇದು. ಬುಗ್ಗೆಯ ಸುತ್ತ ಹುಲ್ಲು, ಕಸ ಕೆರೆದು ತೆಗೆಯಿರಿ. ಬಾಯಿಯಿಂದ ಒಂದೆರಡು ಅಡಿ ಬಿಟ್ಟು ಮರಳು ಚೀಲಗಳನ್ನು ಬಾವಿಯ ಕಟ್ಟೆಯಂತೆ ಸುತ್ತಲೂ ಕಟ್ಟಿ. ಅಕ್ಕಪಕ್ಕ ಇನ್ನೊಂದು ಬುಗ್ಗೆಯಿದ್ದರೆ ಎರಡನ್ನೂ ಒಂದೇ ಕಟ್ಟೆಯೊಳಗೆ ಸೇರಿಸಿ. ಕಟ್ಟೆಯೊಳಗೆ ನೀರು ನಿಂತು ಏರಿದಷ್ಟೂ ಹೊಳೆಯ ಮಟ್ಟಕ್ಕೂ ಇದಕ್ಕೂ ಇರುವ ಅಂತರ ಕಡಿಮೆಯಾಗುತ್ತದೆ, ರಭಸ ತಗ್ಗುತ್ತದೆ, ಮರಳು ಬರುವುದು ನಿಲ್ಲುತ್ತದೆ. ನೀರು ತಿಳಿಯಾದ ಕೂಡಲೇ ಚೀಲ ಪೇರಿಸುವುದನ್ನು ನಿಲ್ಲಿಸಿ. ಆ ಮಟ್ಟದಲ್ಲಿ ಒಂದು ಕಡೆ ಬಾಯಿ ಬಿಟ್ಟು, ಆ ತಿಳಿ ನೀರು ಏರಿಯಿಂದ ದೂರಕ್ಕೆ ಹರಿದು ಹೋಗುವಂತೆ ಕಾಲುವೆ ತೋಡಿ. ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಏರಿ ಕಾಯುವವರು ಬಹುಕಾಲದಿಂದ ಮಾಡುತ್ತಿರುವುದೂ ಇದನ್ನೇ. ಚೀಲಗಳಿಲ್ಲದಿದ್ದರೆ ಬುಗ್ಗೆಯ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿದರೂ ನಡೆಯುತ್ತದೆ. ನೀರು ಸೋಸಿಕೊಂಡು ಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಜೇಡಿಮಣ್ಣು, ಪ್ಲಾಸ್ಟಿಕ್ ಹಾಳೆ, ಸಿಮೆಂಟು ಮಾತ್ರ ಬೇಡವೇ ಬೇಡ.

ಮೈ ಒದ್ದೆ, ಕಾಲು ಹೂಳುತ್ತದೆ

ಬುಗ್ಗೆಯಿಲ್ಲ, ಆದರೆ ಊರ ಬದಿಯ ಇಳಿಜಾರು ಬುಡದಿಂದ ಎದೆಯೆತ್ತರದವರೆಗೆ ಒದ್ದೆಯಾಗಿದೆ, ನಡೆದರೆ ಹಿಮ್ಮಡಿ ಹೂಳುತ್ತದೆ. ಇಲ್ಲಿ ನೀರು ಏರಿಯ ಅಡಿಯಿಂದಲ್ಲ, ಮೈಯೊಳಗಿಂದಲೇ ಬರುತ್ತಿದೆ. ಏರಿ ತೆಳುವಾಗಿದೆ ಅಥವಾ ಮಣ್ಣು ಮರಳುಮರಳಾಗಿದೆ. ಒದ್ದೆಯ ಗೆರೆಗೆ ಗೂಟ ಹೊಡೆದು ಮೂರು ಗಂಟೆ ಬಿಟ್ಟು ನೋಡಿ. ಗೆರೆ ಮೇಲೇರುತ್ತಿದ್ದರೆ ಬುಡದಲ್ಲಿ ಮರಳು, ಅದರ ಮೇಲೆ ಕಲ್ಲು ಹೇರಿ ಭಾರ ಕೊಡಿ. ಟಾರ್ಪಾಲು ಹೊದಿಸುವುದಿದ್ದರೆ ಅದು ಹೊಳೆ ಬದಿಗೆ ಮಾತ್ರ, ಅಂಚಿಗೆ ಚೀಲ ಕಟ್ಟಿ ಇಳಿಬಿಟ್ಟು. ಊರ ಬದಿಗೆ ಹೊದಿಸಿದರೆ ರೋಗಿಯ ಮೂಗು ಮುಚ್ಚಿದಂತೆ.

ಬಿರುಕು

ಬಿರುಕು ಕಂಡಾಗ ಮೊದಲು ಅದರ ದಿಕ್ಕು ನೋಡಿ. ಏರಿಯ ಉದ್ದಕ್ಕೆ ನೇರವಾಗಿ ಹೋದ, ಬೇಸಿಗೆಯಲ್ಲಿ ಬಿಟ್ಟ ಬಿರುಕು ಎರೆಮಣ್ಣಿನ ಸ್ವಭಾವ. ಮಳೆಗಾಲದ ಮೊದಲು ತುಂಬಿದರೆ ಆಯಿತು. ಉದ್ದಕ್ಕೆ ಹೋಗುತ್ತಾ ಎರಡೂ ತುದಿ ಕೆಳಮುಖವಾಗಿ ಬಾಗಿದ್ದರೆ, ಕುಡಗೋಲಿನ ಆಕಾರದಲ್ಲಿದ್ದರೆ, ಅದು ಜಾರಲು ಹೊರಟ ಮಣ್ಣಿನ ಗೆರೆ. ಏರಿಗೆ ಅಡ್ಡಲಾಗಿ, ಹೊಳೆ ಬದಿಯಿಂದ ಊರ ಬದಿಗೆ ಹೋದ ಬಿರುಕು ಎಲ್ಲಕ್ಕಿಂತ ಕೆಟ್ಟದ್ದು, ನೀರಿಗೆ ಅದೇ ರಸ್ತೆ. ತೂಬಿನ ಪಕ್ಕದಲ್ಲಿ, ಹಳೆಯ ಏರಿಗೆ ಹೊಸದನ್ನು ಜೋಡಿಸಿದ ಕಡೆ ಇವು ಹೆಚ್ಚು. ಒಂದು ಭಾಗ ಕೂರುತ್ತದೆ, ಇನ್ನೊಂದು ಕೂರುವುದಿಲ್ಲ.

ಬಿರುಕು ಎಷ್ಟು ಆಳ ಎಂದು ತಿಳಿಯಲು ಉಪಕರಣ ಬೇಡ. ಸುಣ್ಣದ ನೀರು ಕಲಸಿ ಬಿರುಕಿಗೆ ಸುರಿಯಿರಿ, ಒಂದು ದಿನ ಬಿಟ್ಟು ಅಗೆಯಿರಿ. ಬಿಳಿ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಒಂದಡಿ ಕೆಳಗಿನವರೆಗೆ ಗುಂಡಿ ತೆಗೆದು, ಗೇಣುದ್ದಕ್ಕಿಂತ ದಪ್ಪವಿಲ್ಲದ ಪದರಗಳಲ್ಲಿ ಮಣ್ಣು ತುಂಬಿ ದಿಮ್ಮಸು ಹೊಡೆಯಬೇಕು. ಬರೀ ಮೇಲಿಂದ ಮಣ್ಣು ಉದುರಿಸಿ ಕಾಲಲ್ಲಿ ತುಳಿದ ಬಿರುಕು ಮುಚ್ಚಿದಂತೆ ಕಾಣುತ್ತದೆ, ಅಷ್ಟೇ. ಪ್ರವಾಹದ ನಡುವೆ ಬಿರುಕು ಬಿಟ್ಟರೆ ಅಗೆಯಲು ಹೋಗಬೇಡಿ. ಮಳೆನೀರು ಒಳಗಿಳಿಯದಂತೆ ಬಿರುಕಿಗೆ ಟಾರ್ಪಾಲು ಹೊದಿಸಿ, ಎರಡೂ ಕಡೆ ಗೂಟ ನೆಟ್ಟು ನಡುವಿನ ಅಂತರ ಅಳೆಯುತ್ತಿರಿ. ಅಂತರ ಬೆಳೆಯುತ್ತಿದ್ದರೆ ಮುಂದಿನದು ಓದಿ.

ಮಣ್ಣು ಜಾರುತ್ತಿದೆ

ಮೇಲೆ ಕುಡಗೋಲು ಬಿರುಕು, ಕೆಳಗೆ ಬುಡದಲ್ಲಿ ಉಬ್ಬು. ಎರಡೂ ಒಟ್ಟಿಗೆ ಕಂಡರೆ ಇಳಿಜಾರು ಜಾರುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ. ನೆತ್ತಿ ಕುಸಿದಿದೆ ಎಂದು ಅಲ್ಲಿಗೇ ಮಣ್ಣು ತುಂಬುವವರು ಜಾರುವುದಕ್ಕೆ ಇನ್ನಷ್ಟು ತೂಕ ಕೊಟ್ಟು ಕಳುಹಿಸುತ್ತಾರೆ. ಭಾರ ಬೇಕಾದದ್ದು ಕೆಳಗೆ, ಉಬ್ಬಿದ ಜಾಗದ ಮೇಲೆ ಮತ್ತು ಅದರ ಮುಂದೆ. ನೆತ್ತಿಯ ಮೇಲೆ ನಿಂತ ಟ್ರ್ಯಾಕ್ಟರು, ಜೆಸಿಬಿ, ಚೀಲದ ರಾಶಿ, ನೋಡಲು ಬಂದ ಜನ ಎಲ್ಲರನ್ನೂ ಇಳಿಸಿ.

ಇದರಲ್ಲೊಂದು ಮೋಸವಿದೆ. ಊರ ಬದಿ ಜಾರುವುದು ಹೊಳೆ ತುಂಬಿದಾಗ. ಹೊಳೆ ಬದಿ ಜಾರುವುದು ಹೊಳೆ ಇಳಿದಾಗ. ನೀರು ಸರ್ರನೆ ಇಳಿದರೆ, ನೆನೆದು ಭಾರವಾದ ಮಣ್ಣಿಗೆ ಆಚೆಯಿಂದ ಒತ್ತಿ ಹಿಡಿದಿದ್ದ ನೀರಿನ ಆಸರೆ ತಪ್ಪುತ್ತದೆ. ಪ್ರವಾಹ ಇಳಿಯಿತೆಂದು ಎಲ್ಲರೂ ಮನೆಗೆ ಹೋಗಿ ಮಲಗಿದ ರಾತ್ರಿ ಇಂಥದ್ದು ನಡೆಯುತ್ತದೆ. ಕಾವಲು ಇನ್ನೆರಡು ದಿನ ಇರಲಿ.

ಬರದಲ್ಲೂ ಏರಿ ಜಾರಬಹುದು. 2003ರ ಆಗಸ್ಟ್ 26ರಂದು ನೆದರ್‌ಲೆಂಡ್ಸ್‌ನ ವಿಲ್ನಿಸ್ ಎಂಬ ಊರಿನ ಕಾಲುವೆ ಏರಿ ಸರಿದುಹೋದದ್ದು ಸುದೀರ್ಘ ಒಣಹವೆಯ ಕೊನೆಗೆ. ಅದು ಕೊಳೆತ ಸಸ್ಯದಿಂದಾದ ಪೀಟ್ ಮಣ್ಣಿನ ಏರಿ. ಒಣಗಿ ಹಗುರಾಗಿ, ಕಾಲುವೆಯ ನೀರು ತಳ್ಳಿದ್ದಕ್ಕೆ ಪಕ್ಕಕ್ಕೆ ಸರಿಯಿತು. ನೂರಾರು ವರ್ಷ ಸಮುದ್ರದೊಡನೆ ಗುದ್ದಾಡಿದ ದೇಶದಲ್ಲಿ!

ಹೊಳೆ ಬದಿಯ ಬುಡ ಕೊರೆತ

ಕೋಸಿಯಲ್ಲಿ ಆದದ್ದು ಇದು. ಏರಿಯಿಂದ ನದಿಯೊಳಗೆ ಚಾಚಿ ಹರಿವನ್ನು ದೂರ ತಳ್ಳುತ್ತಿದ್ದ ಚಾಚುಗೋಡೆಗಳನ್ನು ನದಿ ದಿನಗಟ್ಟಲೆ ಕೊರೆಯುತ್ತಾ ಬಂದಿತ್ತು. ಅವು ಹೋದ ಮೇಲೆ ಏರಿಯ ಸರದಿ.

ಈ ದೋಷ ನೀರಿನ ಕೆಳಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ದಂಡೆಯ ಪಕ್ಕದಲ್ಲೇ ಸುಳಿ ಏಳುವುದು, ತೇಲಿ ಬಂದ ಕಸಕಡ್ಡಿ ದಂಡೆಗೆ ಉಜ್ಜಿಕೊಂಡೇ ಸಾಗುವುದು, ಹಾಸಿದ ಕಲ್ಲು ಮಧ್ಯೆ ಒಂದು ಕಡೆ ಕುಗ್ಗುವುದು, ಇವು ಸೂಚನೆ. ಉದ್ದ ಬಿದಿರು ಅಥವಾ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಬುಡದ ಆಳವನ್ನು ಹತ್ತು ಹೆಜ್ಜೆಗೊಂದು ಕಡೆ ಅಳೆದು ಬರೆದಿಡಿ. ನಿನ್ನೆ ಎಂಟು ಅಡಿ, ಇವತ್ತು ಹದಿನಾಲ್ಕು ಎಂದಾದರೆ ಅಲ್ಲಿ ಮಡು ಬೀಳುತ್ತಿದೆ. ಇಳಿಜಾರಿನ ಮೇಲೆ ಕಲ್ಲು ಎಸೆದು ಪ್ರಯೋಜನವಿಲ್ಲ, ಬುಡಕ್ಕೆ ಇಳಿಯಬೇಕು. ಬಿಡಿ ಕಲ್ಲು ಕೊಚ್ಚಿಹೋಗುವಷ್ಟು ರಭಸವಿದ್ದರೆ ತಂತಿ ಬಲೆಯ ಗೇಬಿಯನ್ ಪೆಟ್ಟಿಗೆಯಲ್ಲಿ ಕಟ್ಟಿ ಇಳಿಸಿ. ನೀರಿಳಿದ ಮೇಲಿನ ಶಾಶ್ವತ ಉಪಾಯ, ಬುಡದ ಮುಂದೆ ನದಿಯ ತಳದಲ್ಲಿ ಕಲ್ಲಿನ ಹಾಸು ಹರಡಿಡುವುದು. ನದಿ ಕೊರೆದಂತೆಲ್ಲ ಆ ಕಲ್ಲುಗಳು ತಾವಾಗಿಯೇ ಗುಂಡಿಗೆ ಉರುಳಿ ಇಳಿಜಾರನ್ನು ಮುಚ್ಚಿಕೊಳ್ಳುತ್ತವೆ. ಅಸ್ಸಾಂ, ಬಿಹಾರದಲ್ಲಿ ಮುಳ್ಳುಹಂದಿ ಎಂಬರ್ಥದ ಹೆಸರಿನಿಂದ ಕರೆಯುವ ಬಿದಿರಿನ ಅಥವಾ ಕಾಂಕ್ರೀಟ್ ಕಂಬಗಳ ಚೌಕಟ್ಟುಗಳನ್ನು ಸಾಲಾಗಿ ಇಳಿಸುತ್ತಾರೆ. ಅವು ನೀರನ್ನು ತಡೆಯುವುದಿಲ್ಲ, ನಿಧಾನಿಸುತ್ತವೆ. ನಿಧಾನಿಸಿದ ನೀರು ಹೊತ್ತು ತಂದ ಹೂಳನ್ನು ಅಲ್ಲೇ ಇಳಿಸಿ ಹೋಗುತ್ತದೆ.

ತೂಬು, ಪೈಪು, ಗೋಡೆ

ಮಣ್ಣು ಮತ್ತು ಕಾಂಕ್ರೀಟ್ ಸೇರುವ ಗೆರೆಯನ್ನು ನಂಬಬೇಡಿ. ತೂಬಿನ ಪೈಪಿನ ಸುತ್ತ ರೋಲರು ಹೋಗದು, ಅಲ್ಲಿ ಮಣ್ಣು ಸಡಿಲವೇ. ಗೇಟು ಮುಚ್ಚಿದ್ದರೂ ಪೈಪಿನ ಹೊರಮೈ ಗುಂಟ ನೀರು ಒಸರುತ್ತಿದೆಯೇ ಎಂದು ಕೈಯಿಟ್ಟು ನೋಡಿ. ಅನುಮತಿ ಕೇಳದೆ ಏರಿ ಕೊರೆದು ಹಾಕಿದ ಪಂಪ್‌ಸೆಟ್ ಪೈಪುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ, ಅವು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಗೋಡೆಯ ಪಾಠ ಅಮೆರಿಕದ ನ್ಯೂ ಆರ್ಲಿಯನ್ಸ್‌ನದು. 2005ರ ಆಗಸ್ಟ್ 29ರಂದು, ಕತ್ರಿನಾ ಚಂಡಮಾರುತದ ದಿನ, ಹದಿನೇಳನೇ ಬೀದಿಯ ಕಾಲುವೆಯ ಗೋಡೆ ನೀರು ತುದಿ ಮುಟ್ಟುವ ಮೊದಲೇ ಬಿತ್ತು. ನೀರಿನ ಒತ್ತಡಕ್ಕೆ ಗೋಡೆ ಕೊಂಚ ವಾಲಿದಾಗ ಕಾಲುವೆ ಬದಿಯಲ್ಲಿ ಗೋಡೆಗೂ ಮಣ್ಣಿಗೂ ನಡುವೆ ಸಂದು ಬಿತ್ತು. ಸಂದಿಗೆ ಇಳಿದ ನೀರು ಗೋಡೆಯನ್ನು ಬುಡದವರೆಗೂ ತಳ್ಳಿತು. ಅಡಿಯಲ್ಲಿದ್ದ ಮೆತ್ತನೆಯ ಜೇಡಿ ತಾಳಲಿಲ್ಲ. ಏರಿಯ ಮೇಲೆ ಗೋಡೆ ಕಟ್ಟಿ ಎತ್ತರಿಸಿದ ಪಟ್ಟಣಗಳಲ್ಲಿ ಬೆರಳು ತೂರುವ ಸಂದು ಕಂಡರೂ ಸುಮ್ಮನೆ ಬಿಡಬಾರದು.

ಬಿಲ, ಹುತ್ತ, ಬೇರು

ಹೆಗ್ಗಣ, ಗೆದ್ದಲು, ಉತ್ತರ ಕನ್ನಡದ ಗಜನಿ, ಅಂದರೆ ಉಪ್ಪುನೀರಿನ ಗದ್ದೆಗಳ, ಒಡ್ಡುಗಳಲ್ಲಾದರೆ ಏಡಿ. ಬಿಲದ ಒಂದು ಬಾಯಿಗೆ ಹೊಗೆ ಹಾಕಿ ಇನ್ನೊಂದು ಬಾಯಿ ಎಲ್ಲೆಂದು ಪತ್ತೆ ಮಾಡಿ, ಅಗೆದು ತುಂಬಿ. ಅಗೆಯಲಾಗದಷ್ಟು ಆಳವಿದ್ದರೆ ಮಣ್ಣಿನ ರಾಡಿಯನ್ನು ಆಲಿಕೆಯಿಂದ ಸುರಿಯಿರಿ. ಜಾಲಿ ಗಿಡಗಳನ್ನು ಸಣ್ಣದಿರುವಾಗಲೇ ಕೀಳಿ. ದೊಡ್ಡ ಮರ ಕಡಿದು ಬೇರು ಒಳಗೇ ಬಿಟ್ಟರೆ ಅದು ಕೊಳೆತು ಪೈಪಾಗುತ್ತದೆ. ಏರಿಗೆ ಗರಿಕೆ ಇಲ್ಲವೇ ಲಾವಂಚ ಸಾಕು.

ನೆತ್ತಿಯ ತಗ್ಗು

ಏರಿ ಒಂದೇ ಮಟ್ಟದಲ್ಲಿದೆ ಎಂದು ಕಣ್ಣು ಹೇಳುತ್ತದೆ, ಗಾರೆಯವರ ಪಾರದರ್ಶಕ ಪೈಪಿಗೆ ನೀರು ತುಂಬಿ ಹಿಡಿದರೆ ಬೇರೆ ಕಥೆ. ಎತ್ತಿನಗಾಡಿ ಇಳಿಯುವ ದಾರಿ, ದನ ನೀರಿಗೆ ಹೋಗುವ ಜಾಗ, ಇಲ್ಲೆಲ್ಲ ಒಂದೆರಡು ಅಡಿ ತಗ್ಗಿರುತ್ತದೆ. ಭಾರತೀಯ ಮಾನಕ ಐಎಸ್ 12094ರ ಪ್ರಕಾರ ಲೆಕ್ಕ ಹಿಡಿದ ಪ್ರವಾಹ ಮಟ್ಟಕ್ಕಿಂತ 1.5 ಮೀಟರ್, ದೊಡ್ಡ ನದಿಗಾದರೆ 1.8 ಮೀಟರ್ ಎತ್ತರ ಉಳಿದಿರಬೇಕು. ಪಟ್ಟಣ ಕಾಯುವ ಏರಿಗೆ 100 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ, ಹೊಲಗದ್ದೆ ಕಾಯುವ ಏರಿಗೆ 25 ವರ್ಷಕ್ಕೊಮ್ಮೆ ಬರಬಹುದಾದದ್ದು ಆ ಲೆಕ್ಕಕ್ಕೆ ಆಧಾರ. ಇಡೀ ಏರಿ ಅಷ್ಟಿದ್ದು ಒಂದು ಗಾಡಿ ದಾರಿ ಮಾತ್ರ ತಗ್ಗಾಗಿದ್ದರೆ ಏರಿಯ ಎತ್ತರ ಆ ಗಾಡಿ ದಾರಿಯದೇ.

ಚೀಲಗಳ ವಿಷಯ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿ, ಬಾಯಿ ಮಡಚಿ, ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ ಇಟ್ಟು ತುಳಿಯಿರಿ. ಬಿಗಿಯಾಗಿ ತುಂಬಿ ಹೊಲಿದ ಚೀಲ ಕುಂಬಳಕಾಯಿಯಂತೆ, ನಡುವೆ ನೀರು ಹೋಗುತ್ತದೆ. ಒಂದಡಿ ಎತ್ತರಕ್ಕೆ ಬುಡ ಮೂರಡಿ ಅಗಲವಿರಲಿ.

ಒಡೆದೇ ಹೋದರೆ

ಹರಿಯುವ ಕಂಡಿಯ ನಡುವೆ ಕಲ್ಲು ಸುರಿಯುವ ಮೊದಲು ಒಡೆದ ಎರಡೂ ತುದಿಗಳನ್ನು ಕಲ್ಲು, ಗೇಬಿಯನ್‌ಗಳಿಂದ ಕಟ್ಟಿಹಾಕಿ. ಇಲ್ಲದಿದ್ದರೆ ನೀವು ಮುಚ್ಚುವುದಕ್ಕಿಂತ ಬೇಗ ಕಂಡಿ ಅಗಲವಾಗುತ್ತದೆ. ಕಂಡಿಯ ಕೆಳಗೆ ಆಳದ ಗುಂಡಿ ಬಿದ್ದಿರುತ್ತದೆ. ಅದರೊಳಗೇ ಕಟ್ಟುವ ಹಟ ಬಿಟ್ಟು, ಲಾಳದ ಆಕಾರದಲ್ಲಿ ಸುತ್ತಿ ಬಳಸಿ ಕಟ್ಟುವುದು ಎಷ್ಟೋ ಸಲ ಅಗ್ಗ. 1998ರಲ್ಲಿ ಯಾಂಗ್‌ಟ್ಸೆ ನದಿ ಚೀನಾದ ಜಿಯುಜಿಯಾಂಗ್ ಬಳಿ ಒಡೆದಾಗ ದೋಣಿಗಳನ್ನೇ ಅಡ್ಡ ಮುಳುಗಿಸಿ ರಭಸ ಮುರಿದು ಆಮೇಲೆ ಕಂಡಿ ಮುಚ್ಚಿದರು. 2024ರ ಸೆಪ್ಟೆಂಬರ್ ಮೊದಲ ವಾರ ವಿಜಯವಾಡದ ಬಳಿ ಬುಡಮೇರು ಕಾಲುವೆಯ ಏರಿ ಮೂರು ಕಡೆ ಒಡೆದಾಗ ಸೇನೆಯ ಎಂಜಿನಿಯರುಗಳು ಬಂದು ಗೇಬಿಯನ್ ಪೆಟ್ಟಿಗೆಗಳನ್ನು ಹೂಡಿದರು.

ಏರಿಯನ್ನು ಜನರೇ ಕಡಿಯುವುದೂ ಉಂಟು. 2022ರಲ್ಲಿ ಅಸ್ಸಾಂನ ಸಿಲ್ಚರ್ ಪಟ್ಟಣ ಮುಳುಗುವ ಮೊದಲು ಬೇತುಕಂಡಿಯಲ್ಲಿ ಬರಾಕ್ ನದಿಯ ಏರಿಯನ್ನು ಕಡಿಯಲಾಗಿತ್ತು. ಒಳಗೆ ನಿಂತ ನೀರು ಹೊರಗೆ ಹೋಗಲೆಂದು ಮಾಡಿದ ಕಂಡಿಯಿಂದ ಮುಂದಿನ ತಿಂಗಳು ನದಿ ಒಳಗೆ ಬಂತು. ಇದನ್ನು ಪೊಲೀಸ್ ಕೇಸು ಎಂದಷ್ಟೇ ನೋಡಿದರೆ ನಿದಾನ ತಪ್ಪುತ್ತದೆ. ಊರ ಮಳೆನೀರು ಹೊಳೆಗೆ ಇಳಿಯಲು ಸರಿಯಾದ ತೂಬು ಇಲ್ಲದ ಏರಿಗೆ ಗುದ್ದಲಿ ಬಿದ್ದೇ ಬೀಳುತ್ತದೆ.

ಒಣಗಿದ ಮೇಲೆ

ಬಲಪಡಿಸುವ ಕೆಲಸ ಜನವರಿಯಿಂದ ಮೇ ನಡುವೆ. ಹಳೆಯ ಇಳಿಜಾರಿನ ಹುಲ್ಲು ಕೆರೆದು, ಮೆಟ್ಟಿಲು ಕಡಿದು, ಆ ಮೆಟ್ಟಿಲುಗಳ ಮೇಲೆ ಹೊಸ ಮಣ್ಣು ಕೂರಿಸಬೇಕು. ಮೆಟ್ಟಿಲಿಲ್ಲದೆ ಸುರಿದ ಮಣ್ಣು ಚಪಾತಿಗೆ ಉದುರಿಸಿದ ಹಿಟ್ಟಿನಂತೆ ಮೇಲೆಯೇ ಇರುತ್ತದೆ. ತೇವ ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಡಿ. ಉಂಡೆಯೇ ಆಗದಿದ್ದರೆ ಒಣ, ಬಿದ್ದು ಚಪ್ಪಟೆಯಾದರೆ ಹಸಿ, ನಾಲ್ಕಾರು ಚೂರಾದರೆ ರೋಲರು ಓಡಿಸಿ. ಮಣ್ಣು ಎಲ್ಲಿಂದ ತಂದರು ಎಂದು ಕೇಳುವುದನ್ನು ಮರೆಯಬೇಡಿ. ಲಾರಿ ಬಾಡಿಗೆ ಉಳಿಯಲೆಂದು ಊರ ಬದಿಯ ಬುಡದಲ್ಲೇ ತೋಡಿದರೆ ಮರಳನ್ನು ಅದುಮಿಟ್ಟಿದ್ದ ಜೇಡಿ ಪದರವೇ ಹೋಯಿತು. ಏರಿ ಒಂದು ಮೀಟರ್ ಎತ್ತರವಾಯಿತು, ಬುಗ್ಗೆಗೆ ಬಾಗಿಲೂ ತೆರೆಯಿತು. ಇಟ್ಟಿಗೆ ಗೂಡಿನವರು ತೋಡಿದ ಗುಂಡಿಗಳಿಗೂ ಇದೇ ಮಾತು. ಹಣ ಒಂದೇ ಕೆಲಸಕ್ಕೆ ಸಾಲುವುದಾದರೆ ನಾನು ನೆತ್ತಿ ಬಿಟ್ಟು ಊರ ಬದಿಯ ಬುಡದಲ್ಲಿ ಅಗಲವಾದ ಮಣ್ಣಿನ ಜಗಲಿ ಹಾಕಿಸುತ್ತೇನೆ, ಅಡಿಯಲ್ಲಿ ಮರಳಿನ ಸೋಸುಪದರದೊಡನೆ. ಉದ್ಘಾಟನೆಯ ಫೋಟೋದಲ್ಲಿ ಅದು ಕಾಣುವುದಿಲ್ಲ ಎಂಬುದು ನಿಜ.

ಈ ಮಳೆಗಾಲದಲ್ಲಿ ಬುಗ್ಗೆ ಎದ್ದ ಪ್ರತಿ ಜಾಗದಲ್ಲೂ ಬಿಳಿ ಬಣ್ಣ ಬಳಿದ ಒಂದು ಕಲ್ಲು ನೆಟ್ಟು, ಹೊಳೆಯ ಮಟ್ಟ ಎಷ್ಟಿದ್ದಾಗ ಎದ್ದಿತು ಎಂದು ಅದರ ಮೇಲೆ ಬರೆಸಿ. ಒಮ್ಮೆ ಎದ್ದ ಕಡೆ ಮತ್ತೆ ಏಳುತ್ತದೆ. ನೀರಿಳಿದ ಮೇಲೆ ಅಗೆತಕ್ಕೆ ಬಂದವರು ಆ ಕಲ್ಲಿನಿಂದಲೇ ಶುರು ಮಾಡಲಿ.